ಕರೆದೊಯ್ದವರು ಒಂದು ಪಾಳಿ ಬಿಟ್ಟುಕೊಡಿ

ಕಿರುತೆರೆ ವಾಹಿನಿಗಳ ಮುಖ್ಯಸ್ಥರಿಗೆ, ಕನ್ನಡ ಚಿತ್ರ ನಿರ್ಮಾಪಕರಿಗೆ ಒಂದು ಬಹಿರಂಗ ಪತ್ರ



ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರು ಎಳೆದ ಮೇಲೆ ಸುಮಾರು ಒಂದು ತಿಂಗಳು ಆ ಬಯಲಿನಲ್ಲಿ ನಾಟಕ ಕಂಪನಿಗಳ ತಗಡಿನ ಥೇಟರುಗಳು ಸಾಲುಗಟ್ಟಿ ನಿಂತಿರುತ್ತವೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಪ್ರಯೋಗ, ಕೊನೆಯದು ಮುಗಿಯುವಾಗ ನಡುರಾತ್ರಿ ಎಂದೋ ದಾಟಿರುತ್ತದೆ. ಬಾಗಲಕೋಟೆ, ಹುನಗುಂದ, ಇಳಕಲ್ಲ, ಗುಳೇದಗುಡ್ಡ, ರೋಣದ ಕಡೆಯಿಂದ ಟ್ರ್ಯಾಕ್ಟರು, ಟಂಟಂಗಳಲ್ಲಿ ಜನ ಬರುತ್ತಾರೆ. ಈ ಒಂದು ಜಾತ್ರೆಯ ಕಲೆಕ್ಷನ್ನೇ ವರ್ಷದ ಉಳಿದ ಕ್ಯಾಂಪುಗಳ ನಷ್ಟವನ್ನು ತುಂಬಿಕೊಡಬೇಕು ಎಂದು ಮಾಲಕರು ಹೇಳುವುದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಈಚಿನ ವರ್ಷಗಳಲ್ಲಿ ಆ ಥೇಟರುಗಳ ಮುಂದಿನ ಬ್ಯಾನರು ಬದಲಾಗಿದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಮುಖ ಕಂಪನಿಯ ನಾಯಕನದಲ್ಲ, ನಾಯಕಿಯದೂ ಅಲ್ಲ. ತಮ್ಮ ಹಾಸ್ಯ ಕಾರ್ಯಕ್ರಮಗಳಲ್ಲಿ, ಧಾರಾವಾಹಿಗಳಲ್ಲಿ ಹೆಸರಾದ ಅತಿಥಿ ಕಲಾವಿದರದು. ಅವರಿಗೆ ಕಂಪನಿ ಪ್ರಯೋಗಕ್ಕೆ ಇಷ್ಟು ಎಂದು ಹಣ ಕೊಟ್ಟು ಕರೆಸುತ್ತದೆ. ಆ ಅತಿಥಿಗಳಲ್ಲಿ ಕೆಲವರು ಇಂಥದೇ ತಗಡಿನ ಕೆಳಗೆ ಬೆಳೆದವರು. ಮಾತು ಕಲಿಸಿದವರೇ ಈಗ ಅದೇ ಮಾತನ್ನು ಕೊಂಡು ತರುತ್ತಿದ್ದಾರೆ. ಈ ವಿಪರ್ಯಾಸದ ಬಗ್ಗೆ ತಮ್ಮೊಂದಿಗೆ ನೇರವಾಗಿ ಮಾತಾಡಬೇಕೆಂದು ಈ ಪತ್ರ.

ಕಲಾವಿದರು ತಮ್ಮಲ್ಲಿಗೆ ಬರುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಬರಲಿ. ತಿಂಗಳಿಗೊಮ್ಮೆ ಊರು ಬದಲಿಸುತ್ತ, ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು, ಪರದೆಯ ಹಿಂದೆ ಹಾಸಿಕೊಂಡು ಮಲಗುವ ಬದುಕಿನಿಂದ ಒಬ್ಬ ನಟ ಬೆಂಗಳೂರಿನಲ್ಲಿ ಮನೆ ಮಾಡುವ ಹಾಗಾದರೆ ಅದಕ್ಕಿಂತ ಸಂತೋಷವೇನು? ನಮ್ಮ ಸೀಮೆ ಮೊದಲಿನಿಂದಲೂ ಹೀಗೆ ಕೊಟ್ಟಿದೆ. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಮುಂಬೈಗೆ ಹೋದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಇಡೀ ದೇಶಕ್ಕೆ ಗೊತ್ತಾದರು. ಅವರ ಸಹೋದರಿ ಗೋಹರಬಾಯಿ ಮರಾಠಿಯ ಬಾಲಗಂಧರ್ವರ ರಂಗವನ್ನು ಸೇರಿದರು. ಇತ್ತ ಧಾರವಾಡದ ಕಡೆ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಹುಡುಗ ಮಲ್ಲಿಕಾರ್ಜುನ ಮನಸೂರರನ್ನು ಸಂಗೀತ ಗುರು ಅಪ್ಪಯ್ಯಸ್ವಾಮಿಗಳು ಕೇಳಿ ಮೆಚ್ಚಿ ಕರೆದುಕೊಂಡು ಹೋಗದೆ ಇದ್ದಿದ್ದರೆ ಹಿಂದೂಸ್ತಾನಿ ಸಂಗೀತಕ್ಕೆ ಎಷ್ಟು ದೊಡ್ಡ ನಷ್ಟವಾಗುತ್ತಿತ್ತು! ಕಂಪನಿ ಒಬ್ಬ ಬಾಲನಟನನ್ನು ಕಳೆದುಕೊಂಡಿತು, ನಾಡು ಒಬ್ಬ ಗಾಯಕನನ್ನು ಪಡೆಯಿತು. ಆ ಲೆಕ್ಕದಲ್ಲಿ ನನಗೆ ಯಾವ ತಕರಾರೂ ಇಲ್ಲ.

ತಕರಾರು ಇರುವುದು ಕಂಪನಿಯ ಖಾಲಿ ಜಾಗದ ಬಗ್ಗೆ. ಅದನ್ನು ಯಾರೂ ನೋಡುವುದಿಲ್ಲ.

ಒಬ್ಬ ಹಾಸ್ಯ ಪಾತ್ರಧಾರಿ ಹೇಗೆ ತಯಾರಾಗುತ್ತಾನೆ ಎಂಬುದನ್ನು ತಾವು ಹತ್ತಿರದಿಂದ ಕಂಡಿರಲಿಕ್ಕಿಲ್ಲ, ಆದ್ದರಿಂದ ಸ್ವಲ್ಪ ಹೇಳುತ್ತೇನೆ. ಹುಡುಗ ಕಂಪನಿಗೆ ಬಂದ ಹೊಸತರಲ್ಲಿ ಅವನಿಗೆ ಪಾತ್ರ ಸಿಗುವುದಿಲ್ಲ. ಪರದೆ ಎಳೆಯುತ್ತಾನೆ, ಗೇಟಿನಲ್ಲಿ ನಿಲ್ಲುತ್ತಾನೆ, ಅಡುಗೆಯವರಿಗೆ ನೀರು ಹೊರುತ್ತಾನೆ, ಅನೌನ್ಸ್ ಗಾಡಿಯಲ್ಲಿ ಊರೂರು ತಿರುಗಿ ಕೂಗುತ್ತಾನೆ. ರಾತ್ರಿ ಸೈಡ್ ವಿಂಗಿನಲ್ಲಿ ನಿಂತು ಒಂದೇ ನಾಟಕವನ್ನು ಬೇಸರವಾಗುವಷ್ಟು ಸಲ ನೋಡುತ್ತಾನೆ. ಎಲ್ಲರ ಮಾತೂ ಅವನಿಗೆ ಬಾಯಿಪಾಠ. ಒಂದು ದಿನ ಯಾರಿಗೋ ಜ್ವರ ಬರುತ್ತದೆ, ಇವನ ಮುಖಕ್ಕೆ ಬಣ್ಣ ಬೀಳುತ್ತದೆ. ಅಲ್ಲಿಂದ ಮುಂದೆ ಅವನ ಮೇಷ್ಟ್ರು ಪ್ರೇಕ್ಷಕರೇ. ನಗೆ ಏಳುವಾಗ ಎಷ್ಟು ಹೊತ್ತು ಕಾಯಬೇಕು, ಅದು ಇಳಿಯುವ ಯಾವ ಹಂತದಲ್ಲಿ ಮುಂದಿನ ಮಾತು ಬಿಡಬೇಕು, ಹಿಂದಿನ ಸಾಲಿನಲ್ಲಿ ಗದ್ದಲ ಮಾಡುವವನನ್ನು ನಾಟಕ ನಿಲ್ಲಿಸದೆ ಹೇಗೆ ಸುಮ್ಮನಾಗಿಸಬೇಕು, ಗದಗಿನ ಜನ ನಕ್ಕ ಮಾತಿಗೆ ಸಿಂಧನೂರಿನ ಜನ ಯಾಕೆ ನಗಲಿಲ್ಲ, ಇದನ್ನೆಲ್ಲ ಅವನು ವರ್ಷಕ್ಕೆ ನೂರಾರು ಪ್ರಯೋಗಗಳಲ್ಲಿ ಕಲಿಯುತ್ತಾನೆ. ಪೇಟಿ ಮಾಸ್ತರರು ಅವನ ಶ್ರುತಿ ತಿದ್ದುತ್ತಾರೆ. ಹಿರಿಯ ನಟಿಯೊಬ್ಬಳು ರಂಗದ ಮೇಲೆಯೇ ಅವನ ತಪ್ಪನ್ನು ತನ್ನ ಮಾತಿನಿಂದ ಮುಚ್ಚಿ ಕಾಪಾಡುತ್ತಾಳೆ. ಈ ವರ್ಷಗಳಲ್ಲೆಲ್ಲ ಅವನಿಗೆ ಊಟ ಹಾಕಿದ್ದು, ಪಗಾರ ಕೊಟ್ಟಿದ್ದು, ಅವನು ಸೋತ ರಾತ್ರಿಗಳ ನಷ್ಟ ಹೊತ್ತದ್ದು ಕಂಪನಿ.

ಆಮೇಲೆ ತಮ್ಮ ಆಡಿಷನ್ ನಡೆಯುತ್ತದೆ. ತಾವು ಅವನಲ್ಲಿ ಕಂಡು ಬೆರಗಾಗುವ ಸಹಜತೆ ಆ ವರ್ಷಗಳ ದುಡಿಮೆಯ ಫಲ.

ಅವನು ಹೋದ ಮೇಲೆ ಏನಾಗುತ್ತದೆ? ಕಂಪನಿ ನಾಟಕದಲ್ಲಿ ಹಾಸ್ಯಪಾತ್ರ ಎಂದರೆ ಅರ್ಧ ನಾಟಕ. ಅವನ ಜೋಡಿಯ ಹಾಸ್ಯನಟಿ ಒಂಟಿಯಾಗುತ್ತಾಳೆ. ಎದುರಿನವನ ಉಸಿರು ಗೊತ್ತಿಲ್ಲದೆ ಅವಳ ಮಾತೂ ಸಪ್ಪೆಯಾಗುತ್ತದೆ. ಕಲೆಕ್ಷನ್ ಇಳಿಯುತ್ತದೆ. ಮಾಲಕರು ಇನ್ನೊಂದು ಕಂಪನಿಯ ಹಾಸ್ಯನಟನಿಗೆ ಹೆಚ್ಚಿನ ಪಗಾರ ಹೇಳಿ, ಅವನು ಅಲ್ಲಿ ಮಾಡಿಕೊಂಡಿದ್ದ ಅಡ್ವಾನ್ಸ್ ತೀರಿಸಿ ಕರೆತರುತ್ತಾರೆ. ಆ ಕಂಪನಿಯವರು ತಮಗಿಂತ ಸಣ್ಣ ಕಂಪನಿಗೆ ಕೈ ಹಾಕುತ್ತಾರೆ. ಹೀಗೆ ಬೆಂಗಳೂರಿನಲ್ಲಿ ಆದ ಒಂದು ಆಯ್ಕೆಯ ಬೆಲೆ ಕೈಯಿಂದ ಕೈಗೆ ಇಳಿಯುತ್ತ, ಕೊನೆಗೆ ಯಾರಿಂದಲೂ ಯಾರನ್ನೂ ತರಲಾರದ ಕಂಪನಿಯ ಮೇಲೆ ಬೀಳುತ್ತದೆ. ಆ ಕಂಪನಿ ತಗಡು ಮಾರಿ ಮನೆಗೆ ಹೋಗುತ್ತದೆ. ಕಂಪನಿಗಳು ಸೊರಗಲು ಇದೊಂದೇ ಕಾರಣ ಎಂದು ನಾನು ಹೇಳಲಾರೆ. ಮೊಬೈಲು ಬಂದಿದೆ, ಜಾಗದ ಬಾಡಿಗೆ ಏರಿದೆ, ಹೆಂಗಸರು ಕೂತು ನೋಡಲಾರದ ದ್ವಂದ್ವಾರ್ಥದ ಮಾತು ತುಂಬಿಸಿ ಕಂಪನಿಗಳೇ ಕುಟುಂಬಗಳನ್ನು ದೂರ ಮಾಡಿಕೊಂಡಿವೆ. ಆದರೆ ಇದೂ ಒಂದು ದೊಡ್ಡ ಕಾರಣ, ಮತ್ತು ತಾವು ಸರಿಪಡಿಸಬಹುದಾದ ಕಾರಣ.

ಇದಕ್ಕೊಂದು ದಾರಿ ನನಗೆ ಕಂಡದ್ದು ಬಹಳ ದೂರದ ಜಾಗದಲ್ಲಿ, ಅಮೆರಿಕದ ಬೇಸ್‌ಬಾಲ್‌ನಲ್ಲಿ. ತಮ್ಮಲ್ಲಿ ಅನೇಕರು ಕ್ರೀಡಾ ಲೀಗುಗಳ ವ್ಯವಹಾರ ಬಲ್ಲವರು, ಆದ್ದರಿಂದ ಇದನ್ನು ತಾಳ್ಮೆಯಿಂದ ಓದುವಿರೆಂದು ನಂಬಿದ್ದೇನೆ.

ಅಲ್ಲಿ ಹೊಸ ಹುಡುಗರನ್ನು ತಂಡಗಳು ಹರಾಜಿನಲ್ಲಿ ಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಡ್ರಾಫ್ಟ್ ಎಂಬ ಆಯ್ಕೆ ನಡೆಯುತ್ತದೆ. ಶಾಲೆ ಕಾಲೇಜುಗಳಿಂದ ಬಂದ ಹುಡುಗರಲ್ಲಿ ಒಬ್ಬೊಬ್ಬರನ್ನು ತಂಡಗಳು ಪಾಳಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಪಾಳಿ ಮುಂಚೆ ಬಂದಷ್ಟೂ ಒಳ್ಳೆಯ ಹುಡುಗ ಸಿಗುವ ಅವಕಾಶ ಹೆಚ್ಚು. ಹೀಗೆ ಬಂದ ಹುಡುಗ ಮೇಲಿನ ಲೀಗಿನಲ್ಲಿ ಆರು ವರ್ಷ ಆಡಿದ ಮೇಲೆ, ಕರಾರು ಮುಗಿದಿದ್ದರೆ, ಸ್ವತಂತ್ರ. ಅವನನ್ನು ಫ್ರೀ ಏಜೆಂಟ್ ಎನ್ನುತ್ತಾರೆ. ಯಾರು ಹೆಚ್ಚು ಕೊಡುತ್ತಾರೋ ಅವರ ತಂಡಕ್ಕೆ ಹೋಗಬಹುದು. ಆಗ ಹಳೆಯ ತಂಡ ಬರಿಗೈಯಲ್ಲಿ ಉಳಿಯಬಾರದೆಂದು 2012ರಿಂದ ಒಂದು ಪದ್ಧತಿ ಇದೆ. ಹಳೆಯ ತಂಡ ಅವನಿಗೆ ಒಂದು ವರ್ಷದ ಕರಾರಿನ ಆಹ್ವಾನ ಕೊಡಬೇಕು. ಅದರ ಮೊತ್ತ ಲೀಗಿನಲ್ಲಿ ಅತಿ ಹೆಚ್ಚು ಸಂಬಳದ 125 ಆಟಗಾರರ ಸರಾಸರಿ. 2024ರಲ್ಲಿ ಅದು 2 ಕೋಟಿ 10 ಲಕ್ಷ ಡಾಲರ್ ದಾಟಿತ್ತು. ಅಂದರೆ, ಇವನು ನಮಗೆ ಬೇಕಾದವನು ಎಂದು ಬಾಯಲ್ಲಿ ಹೇಳಿದರೆ ಸಾಲದು, ಬೆಲೆ ಕಟ್ಟಿ ಹೇಳಬೇಕು. ಅವನು ಅದನ್ನು ಒಲ್ಲೆ ಎಂದು ಬೇರೆ ತಂಡಕ್ಕೆ ಸಹಿ ಹಾಕಿದರೆ ಹಳೆಯ ತಂಡಕ್ಕೆ ಮುಂದಿನ ಡ್ರಾಫ್ಟಿನಲ್ಲಿ ಒಂದು ಹೆಚ್ಚಿನ ಪಾಳಿ ಸಿಗುತ್ತದೆ. ಕರೆದೊಯ್ದ ತಂಡ ತನ್ನ ಪಾಳಿಗಳಲ್ಲಿ ಒಂದನ್ನಾದರೂ ಬಿಟ್ಟುಕೊಡಬೇಕಾಗುತ್ತದೆ.

ಪಾಳಿ ಎಲ್ಲರಿಗೂ ಒಂದೇ ಅಲ್ಲ ಎಂಬುದು ನನಗೆ ಬಹಳ ಹಿಡಿಸಿದ ಅಂಶ. ಲೀಗಿನ ಹಂಚಿಕೆಯ ಆದಾಯದಿಂದ ನೆರವು ಪಡೆಯುವ ಬಡ ತಂಡದಿಂದ ಹೋದವನು 5 ಕೋಟಿ ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಕರಾರು ಪಡೆದರೆ, ಆ ಬಡ ತಂಡಕ್ಕೆ ಮೊದಲ ಸುತ್ತು ಮುಗಿದ ಕೂಡಲೇ ಪಾಳಿ. ಸಂಬಳದ ಮಿತಿ ಮೀರಿ ದಂಡ ಕಟ್ಟುವ ಸಿರಿವಂತ ತಂಡ ಆಟಗಾರನನ್ನು ಕಳೆದುಕೊಂಡರೆ ಅದರ ಪಾಳಿ ನಾಲ್ಕನೇ ಸುತ್ತಿನ ನಂತರ. ಕಳೆದುಕೊಂಡವರಲ್ಲಿ ಯಾರಿಗೆ ಪೆಟ್ಟು ಹೆಚ್ಚು ಎಂಬುದನ್ನು ನೋಡಿ ಕೊಡುತ್ತಾರೆ.

ಆ ಪಾಳಿಯಿಂದ ಏನು ಬಂದೀತು ಎಂಬುದಕ್ಕೆ ಹಳೆಯ ನಿಯಮದ ಕಾಲದ ಒಂದು ಉದಾಹರಣೆ ಸಾಕು. 2008ರ ಕೊನೆಗೆ ಏಂಜಲ್ಸ್ ತಂಡದ ಮಾರ್ಕ್ ಟೆಶೇರಾ ಎಂಬ ದೊಡ್ಡ ಆಟಗಾರನನ್ನು ನ್ಯೂಯಾರ್ಕಿನ ಯಾಂಕೀಸ್ 18 ಕೋಟಿ ಡಾಲರ್‌ಗೆ ಕರೆದುಕೊಂಡಿತು. ಬದಲಿಗೆ ಯಾಂಕೀಸ್‌ನ ಪಾಳಿಯೊಂದು ಏಂಜಲ್ಸ್‌ಗೆ ಬಂತು, 2009ರ ಡ್ರಾಫ್ಟಿನ 25ನೆಯದು. ಆ ಪಾಳಿಯಲ್ಲಿ ಅವರು ಆರಿಸಿದ್ದು ನ್ಯೂಜೆರ್ಸಿಯ ಹೈಸ್ಕೂಲು ಹುಡುಗ ಮೈಕ್ ಟ್ರೌಟ್‌ನನ್ನು. ಅವನು ಮುಂದೆ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನಾದ, ಆ ಪೀಳಿಗೆಯ ದೊಡ್ಡ ಹೆಸರಾದ. ಹೋದವನಿಗಿಂತ ಬಂದವನು ದೊಡ್ಡವನಾದ. ಯಾವಾಗಲೂ ಹೀಗಾಗುವುದಿಲ್ಲ, ಹೆಚ್ಚಿನ ಪಾಳಿಗಳು ಹುಸಿ ಹೋಗುತ್ತವೆ. ಆದರೆ ಕಳೆದುಕೊಂಡ ತಂಡಕ್ಕೆ ಸಿಕ್ಕಿದ್ದು ಇನ್ನೊಬ್ಬನನ್ನು ಬೆಳೆಸುವ ಅವಕಾಶ.

ಬಾಗಲಕೋಟೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರಿಹಾರ ಎಂದರೆ ಏನೆಂದು ನಮಗೆ ಆಲಮಟ್ಟಿಯ ಹಿನ್ನೀರು ಕಲಿಸಿದೆ. ಕೃಷ್ಣೆ, ಘಟಪ್ರಭೆಯ ದಂಡೆಯ ಹೊಲಗಳು ಮುಳುಗಿದವು, ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ನವನಗರ ಎದ್ದಿತು. ರೊಕ್ಕ ಬಂದವರಲ್ಲಿ ಎಷ್ಟೋ ಮನೆಗಳಲ್ಲಿ ಅದು ಮದುವೆಗೆ, ಮನೆಗೆ, ಸಾಲಕ್ಕೆ ಹೋಯಿತು. ಬಿತ್ತಲು ಹೊಲ ಉಳಿಯಲಿಲ್ಲ. ಕಾಗದದಲ್ಲಿ ಹೆಸರಿಲ್ಲದೆ ಆ ಹೊಲದಲ್ಲಿ ದುಡಿದಿದ್ದ ಕೂಲಿಯವನಿಗೆ ಸಿಕ್ಕಿದ್ದು ಇನ್ನೂ ಕಡಿಮೆ. ಅಣೆಕಟ್ಟನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ ಮಾತು ಬಂದಾಗಲೆಲ್ಲ ಇಲ್ಲಿನ ರೈತ ಎಕರೆಗೆ ಎಷ್ಟು ಎಂದು ಕೇಳುವ ಜೊತೆಗೇ ಮುಂದೆ ಬದುಕುವುದು ಹೇಗೆ ಎಂದೂ ಕೇಳುತ್ತಾನೆ. ಆ ಕಾರಣಕ್ಕೇ ತಮ್ಮ ಚೆಕ್ಕಿಗಿಂತ ಪಾಳಿಯ ತತ್ವ ನನಗೆ ಹೆಚ್ಚು ಸರಿ ಎನಿಸುತ್ತದೆ. ಕಂಪನಿಗೆ ಇನ್ನೊಬ್ಬ ಹುಡುಗನನ್ನು ತಯಾರು ಮಾಡುವ ಶಕ್ತಿ ಕೊಡಿ.

ಬೇಸ್‌ಬಾಲಿನವರು ಮಾಡಿದ ತಪ್ಪುಗಳನ್ನೂ ಹೇಳದೆ ಬಿಟ್ಟರೆ ತಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅಲ್ಲಿ ಒಂದು ಕಾಲಕ್ಕೆ ಆಟಗಾರ ಜೀವನಪೂರ್ತಿ ತಂಡದ ಸೊತ್ತು. ಕರಾರು ಮುಗಿದರೂ ಮಾಲೀಕ ಅದನ್ನು ತಾನಾಗಿಯೇ ಮುಂದುವರಿಸಬಹುದಿತ್ತು. 1969ರಲ್ಲಿ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರ ತನ್ನನ್ನು ಕೇಳದೆ ಬೇರೆ ತಂಡಕ್ಕೆ ಕೊಟ್ಟದ್ದನ್ನು ಒಪ್ಪದೆ, ಲೀಗಿನ ಕಮಿಷನರ್‌ಗೆ ಪತ್ರ ಬರೆದು, ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಅವನ ಆಟದ ಬದುಕು ಅಲ್ಲಿಗೆ ಮುಗಿದಿತ್ತು. 1975ರ ಡಿಸೆಂಬರಿನಲ್ಲಿ ಬಂದ ಇನ್ನೊಂದು ತೀರ್ಪಿನಿಂದ ಆಟಗಾರರಿಗೆ ಬಿಡುಗಡೆ ಸಿಕ್ಕಿತು. ಆಗ ಮಾಲೀಕರು ಹಿಡಿದ ಹೊಸ ಹಗ್ಗವೇ ಪರಿಹಾರ. ಆಟಗಾರನನ್ನು ಕರೆದೊಯ್ಯುವವರು ಭಾರಿ ಬೆಲೆ ತೆರಬೇಕಾದರೆ ಯಾರೂ ಕರೆಯುವುದಿಲ್ಲ, ಅವನ ಸಂಬಳವೂ ಏರುವುದಿಲ್ಲ ಎಂಬ ಲೆಕ್ಕ. ಇದೇ ವಿಷಯಕ್ಕೆ 1981ರಲ್ಲಿ ಆಟಗಾರರು ಸುಮಾರು 50 ದಿನ ಮುಷ್ಕರ ಹೂಡಿದರು. 700ಕ್ಕೂ ಹೆಚ್ಚು ಪಂದ್ಯಗಳು ರದ್ದಾದವು.

ಆ ಮುಷ್ಕರದ ನಂತರ ಬಂದ ರಾಜಿಯ ನಿಯಮ ಇನ್ನೂ ವಿಚಿತ್ರವಾಗಿತ್ತು. ಕಳೆದುಕೊಂಡ ತಂಡ ಬೇರೆ ತಂಡಗಳು ಕಾಪಾಡಿಕೊಳ್ಳದೆ ಬಿಟ್ಟ ಆಟಗಾರರಲ್ಲಿ ಒಬ್ಬನನ್ನು ಎತ್ತಿಕೊಳ್ಳಬಹುದಿತ್ತು. 1984ರ ಜನವರಿಯಲ್ಲಿ ಷಿಕಾಗೋದ ವೈಟ್ ಸಾಕ್ಸ್‌ನಿಂದ ಡೆನಿಸ್ ಲ್ಯಾಂಪ್ ಟೊರಾಂಟೊಗೆ ಹೋದ. ಬದಲಿಗೆ ಷಿಕಾಗೋದವರು ಆರಿಸಿಕೊಂಡದ್ದು ನ್ಯೂಯಾರ್ಕ್ ಮೆಟ್ಸ್ ತಂಡದ ಟಾಮ್ ಸೀವರ್‌ನನ್ನು, ಆ ಊರಿನವರ ಕಣ್ಮಣಿಯನ್ನು. ಕರೆದೊಯ್ದದ್ದು ಟೊರಾಂಟೊ, ಬೆಲೆ ತೆತ್ತದ್ದು ನ್ಯೂಯಾರ್ಕ್. ಸೀವರ್ 1985ರಲ್ಲಿ ತನ್ನ 300ನೇ ಗೆಲುವನ್ನು ಷಿಕಾಗೋದ ಅಂಗಿ ತೊಟ್ಟು ಗಳಿಸಿದ. ಅದೇ ವರ್ಷ ಆ ನಿಯಮವನ್ನು ಕಿತ್ತು ಹಾಕಿದರು. ಯಾರು ಕರೆದೊಯ್ಯುತ್ತಾರೋ ಅವರೇ ಕೊಡಬೇಕು, ಮೂರನೆಯವರಲ್ಲ. ನಮ್ಮಲ್ಲಿ ಈಗ ನಡೆಯುತ್ತಿರುವುದು ಆ 1984ರ ಕತೆಯೇ. ಕರೆದೊಯ್ಯುವವರು ಬೆಂಗಳೂರಿನಲ್ಲಿದ್ದಾರೆ, ತೆರುವವರು ತಗಡಿನ ಥೇಟರಿನ ಕೊನೆಯ ಕಂಪನಿಯವರು.

ಕರ್ಟ್ ಫ್ಲಡ್‌ನ ಸಂಕಟವೂ ನಮ್ಮ ರಂಗಭೂಮಿಗೆ ಹೊಸದಲ್ಲ. ಇದನ್ನು ಕಂಪನಿ ಮಾಲಕರಿಗೂ ಕೇಳಿಸುವಂತೆ ಹೇಳುತ್ತೇನೆ. ನಟನಿಗೆ ಮುಂಗಡ ಕೊಟ್ಟು, ಮಗಳ ಮದುವೆಗೆ ಇನ್ನಷ್ಟು ಕೊಟ್ಟು, ಆ ಸಾಲ ತೀರುವ ತನಕ ಕದಲದಂತೆ ಮಾಡುವುದು ಕೂಡ ಒಂದು ಬೇಡಿಯೇ. ಕಷ್ಟಕಾಲದಲ್ಲಿ ಆ ಮುಂಗಡ ಎಷ್ಟೋ ಸಂಸಾರಗಳನ್ನು ಉಳಿಸಿದೆ ನಿಜ. ಆದರೂ ಇನ್ನೊಂದು ಕಂಪನಿ ಬಾಕಿ ತೀರಿಸಿ ಕರೆತಂದಾಗ ಸಾಲ ಒಬ್ಬರ ವಹಿಯಿಂದ ಇನ್ನೊಬ್ಬರ ವಹಿಗೆ ಹೋಗುತ್ತದೆ, ನಟ ಮಾತ್ರ ಬಿಡುಗಡೆಯಾಗುವುದಿಲ್ಲ. ಆದ್ದರಿಂದ ನಾನು ಕೇಳುವ ಪರಿಹಾರದ ಒಂದು ಪೈಸೆಯೂ ಕಲಾವಿದರ ಸಂಭಾವನೆಯಿಂದ ಕಡಿತವಾಗಬಾರದು. ಕಂಪನಿಯ ಒಪ್ಪಿಗೆ ಇಲ್ಲದೆ ಹೋಗಬಾರದು ಎಂಬ ಷರತ್ತೂ ಇರಬಾರದು. ಅವರು ಹೋಗಲಿ, ಪೂರ್ತಿ ದುಡಿಮೆಯ ಹಣ ಪಡೆಯಲಿ. ಕಲಿಸಿದವರ ಪಾಲು ಕರೆದೊಯ್ದವರ ಜೇಬಿನಿಂದ ಬರಲಿ.

ಕಲಿಸಿದವರು ಯಾರೆಂದು ಹೇಗೆ ತಿಳಿಯುವುದು ಎಂದು ತಾವು ಕೇಳಬಹುದು. ಫುಟ್‌ಬಾಲ್‌ನವರು ಈ ಪ್ರಶ್ನೆಗೆ ಉತ್ತರ ಕಂಡುಕೊಂಡಿದ್ದಾರೆ. ಫಿಫಾ ನಿಯಮದ ಪ್ರಕಾರ ಕರಾರು ನಡೆಯುತ್ತಿರುವಾಗಲೇ ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ಹೋದರೆ, ಆ ಹಣದ ಶೇ 5ರಷ್ಟನ್ನು ಅವನ 12ನೇ ವಯಸ್ಸಿನಿಂದ 23ರವರೆಗೆ ಅವನಿಗೆ ಆಟ ಕಲಿಸಿದ ಕ್ಲಬ್ಬುಗಳಿಗೆಲ್ಲ ಹಂಚಬೇಕು. ಅದಕ್ಕಾಗಿ ಯಾವ ವರ್ಷ ಯಾವ ಕ್ಲಬ್ಬಿನಲ್ಲಿದ್ದ ಎಂದು ಬರೆದಿಡುವ ಆಟಗಾರನ ಪಾಸ್‌ಪೋರ್ಟ್ ಇದೆ. ನಮ್ಮ ಕಲಾವಿದರಿಗೂ ಅಂಥದೊಂದು ಪುಸ್ತಕ ಬೇಕು. ಕರ್ನಾಟಕ ನಾಟಕ ಅಕಾಡೆಮಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ದಾವಣಗೆರೆಯ ವೃತ್ತಿ ರಂಗಭೂಮಿ ರಂಗಾಯಣ ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವೇನಲ್ಲ. ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂಥ ಕಂಪನಿಯಲ್ಲಿ ಯಾರು ಯಾವ ವರ್ಷ ಯಾವ ಪಾತ್ರ ಮಾಡಿದರು ಎಂಬುದು ಬರಹದಲ್ಲಿದ್ದರೆ ಮುಂದೆ ವಯಸ್ಸಾದ ಕಲಾವಿದರು ಮಾಸಾಶನಕ್ಕೆ ಅರ್ಜಿ ಹಾಕುವಾಗಲೂ ಸಾಕ್ಷಿ ಹುಡುಕಿ ಅಲೆಯುವುದು ತಪ್ಪುತ್ತದೆ.

ಕನ್ನಡ ಚಿತ್ರರಂಗದಲ್ಲಿ ಇದಕ್ಕೊಂದು ಒಳ್ಳೆಯ ಪೂರ್ವನಿದರ್ಶನ ಇದೆ ಎಂಬುದನ್ನು ನೆನಪಿಸುತ್ತೇನೆ. 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್, ನರಸಿಂಹರಾಜು ಬೆಳ್ಳಿತೆರೆಯಲ್ಲಿ ಹೆಸರಾದರು. ಇಬ್ಬರೂ ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡಿದವರು. ಆ ಕತೆಯೂ ರಂಗದ ಮೇಲೆ ಗೆದ್ದದ್ದೇ. ಚಿತ್ರದ ನಿರ್ಮಾಣದಲ್ಲಿ ಗುಬ್ಬಿ ವೀರಣ್ಣನವರ ಸಂಸ್ಥೆಯೇ ಪಾಲುದಾರನಾಗಿತ್ತು. ನಟರನ್ನು ಬೆಳೆಸಿದ ಮನೆಗೆ ಚಿತ್ರದ ಗೆಲುವಿನಲ್ಲಿ ಪಾಲಿತ್ತು. ಕನ್ನಡ ಸಿನಿಮಾದ ಅಡಿಪಾಯ ಬಿದ್ದದ್ದೇ ಹಾಗೆ, ಅದು ಮುಂದಿನವರಿಗೆ ಯಾಕೆ ಬೇಡವಾಯಿತೋ ನನಗೆ ಅರ್ಥವಾಗಿಲ್ಲ. ನಮ್ಮ ಕಾಲದಲ್ಲಿ ರಾಜು ತಾಳಿಕೋಟೆಯವರು ಎರಡೂ ಕಡೆ ನಿಂತು ತೋರಿಸಿದರು. ‘ಕಲಿಯುಗದ ಕುಡುಕ’ ನಾಟಕದಿಂದ ಉತ್ತರ ಕರ್ನಾಟಕದ ಮನೆಮಾತಾಗಿ, 2009ರ ‘ಮನಸಾರೆ’ಯಿಂದ ಎಲ್ಲ ಕನ್ನಡಿಗರಿಗೂ ಗೊತ್ತಾಗಿ, ಆಮೇಲೂ ರಂಗದ ನಂಟು ಬಿಡದೆ ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. 2025ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಒಬ್ಬ ಕಲಾವಿದ ತನ್ನ ಹೆಗಲ ಮೇಲೆ ಹೊತ್ತದ್ದನ್ನು ಇಷ್ಟು ದೊಡ್ಡ ಸಂಸ್ಥೆಗಳಾದ ತಾವು ಹೊರಲಾರಿರಾ?

ಈಗ ನನ್ನ ಬೇಡಿಕೆ ಹೇಳುತ್ತೇನೆ. ಕಂಪನಿಯಿಂದ ಒಬ್ಬ ಕಲಾವಿದರನ್ನು ತಾವು ಒಂದು ಪೂರ್ತಿ ಕಾರ್ಯಕ್ರಮಕ್ಕೋ ಚಿತ್ರಕ್ಕೋ ಕರೆದುಕೊಂಡಾಗ, ಆ ಕಂಪನಿಯಲ್ಲಿ ಹೊಸಬರಿಬ್ಬರ ಒಂದು ವರ್ಷದ ಪಗಾರ ಮತ್ತು ಊಟದ ಖರ್ಚು ತಮ್ಮದಾಗಲಿ. ಆ ಇಬ್ಬರನ್ನು ಆರಿಸುವವರು ಕಂಪನಿಯವರೇ ಆಗಿರಲಿ. ಸಣ್ಣ ಕಂಪನಿಯಾದರೆ ಇಬ್ಬರ ಬದಲು ಮೂವರಾಗಲಿ. ಕಾರ್ಯಕ್ರಮದ ಕೊನೆಯಲ್ಲಿ ಬಟ್ಟೆ ಅಂಗಡಿ, ಹೋಟೆಲುಗಳ ಹೆಸರಿಗೆ ಕೃತಜ್ಞತೆ ಓಡಿಸುತ್ತೀರಲ್ಲ, ಅಲ್ಲಿ ಈ ಕಲಾವಿದರು ಬಂದದ್ದು ಇಂಥ ಊರಿನ ಇಂಥ ನಾಟ್ಯ ಸಂಘದಿಂದ ಎಂದು ಓದುವಷ್ಟು ಹೊತ್ತು ಬರಲಿ. ‘ರಕ್ತರಾತ್ರಿ’ ಬರೆದ ಕಂದಗಲ್ಲ ಹನುಮಂತರಾಯರ ಊರು ಕಂದಗಲ್ಲ ಇಳಕಲ್ಲಿಗೆ ಹತ್ತಿರದಲ್ಲೇ ಇದೆ. ಅವರ ನಾಟಕದ ಮಾತುಗಳನ್ನು ಬಾಯಿಪಾಠ ಮಾಡಿ ನಾಲಿಗೆ ತಿದ್ದಿಕೊಂಡ ನಟರು ತಮ್ಮ ಸ್ಟುಡಿಯೋಗಳಲ್ಲಿ ಇಂದಿಗೂ ಇರಬಹುದು. ಅವರ ಕಂಪನಿಯ ಹೆಸರು ಪರದೆಯ ಮೇಲೆ ಬಂದರೆ ಮುಂದಿನ ಕ್ಯಾಂಪಿನಲ್ಲಿ ಹತ್ತು ಸಾಲು ಹೆಚ್ಚು ತುಂಬುತ್ತದೆ.

ಇನ್ನೊಂದು ಮಾತು, ಇದಕ್ಕೆ ತಮಗೆ ಖರ್ಚು ಬಹಳ ಕಡಿಮೆ. ಕರಾರಿನಲ್ಲಿ ಒಂದು ಕಲಮು ಸೇರಿಸಿ. ಬನಶಂಕರಿ ಜಾತ್ರೆಯ ದಿನಗಳಲ್ಲಿ ಕಲಾವಿದರು ಬಯಸಿದರೆ ತಮ್ಮನ್ನು ಬೆಳೆಸಿದ ಕಂಪನಿಯಲ್ಲಿ ಒಂದು ವಾರ ಪಾತ್ರ ಮಾಡಲು ಶೂಟಿಂಗಿನಿಂದ ಬಿಡುವು ಇರಲಿ, ಆ ವಾರದ ಅವರ ಸಂಭಾವನೆ ತಾವೇ ಕೊಡಿ. ಕಂಪನಿ ಆ ಏಳು ದಿನ ಅತಿಥಿಗಾಗಿ ಸಾಲ ಮಾಡುವುದು ತಪ್ಪುತ್ತದೆ. ಜಾತ್ರೆಯ ತಿಥಿ ಪಂಚಾಂಗದಲ್ಲಿ ವರ್ಷದ ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಶೂಟಿಂಗಿನ ತಾರೀಖು ಹೊಂದಿಸುವುದು ಕಷ್ಟವಾಗಲಾರದು. ತಮ್ಮ ಉತ್ತರವನ್ನು ನನಗೆ ಕಳಿಸಬೇಕಾಗಿಲ್ಲ. ಮುಂದಿನ ಬನದ ಹುಣ್ಣಿಮೆಗೆ ಮುಂಚೆ ಕಂಪನಿ ಮಾಲಕರನ್ನೂ ಕಲಾವಿದರನ್ನೂ ಅಕಾಡೆಮಿಯವರನ್ನೂ ಒಟ್ಟಿಗೆ ಕೂಡಿಸಿ ಅವರಿಗೇ ಹೇಳಿ.

ತಮ್ಮ ವಿಶ್ವಾಸಿ,
ಇಳಕಲ್ಲಿನ ಒಬ್ಬ ನಾಟಕ ಪ್ರೇಕ್ಷಕ